ವೈ-ಫೈ ಆರಿಯೇ ಏಳುವ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಮೇಲಿರುವುದು 2012ರ ಥಿಂಕ್‌ಪ್ಯಾಡ್ ಎಕ್ಸ್230, ಅದರೊಳಗೆ ಡೆಬಿಯನ್ ಲಿನಕ್ಸ್. ಗುಂಡಿ ಒತ್ತಿದರೆ ವೈ-ಫೈ, ಬ್ಲೂಟೂತ್ ಎರಡೂ ಆರಿದ ಸ್ಥಿತಿಯಲ್ಲೇ ಅದು ಏಳುತ್ತದೆ. ಅಂತರಜಾಲ ಬೇಕೆನಿಸಿದಾಗ ನಾನೇ ಹಚ್ಚುತ್ತೇನೆ. ಇದನ್ನು ಕಂಡ ಸ್ನೇಹಿತರೂ ಬಂಧುಗಳೂ ತಮ್ಮ ಯಂತ್ರಕ್ಕೂ ಹೀಗೇ ಮಾಡಿಕೊಡಿ ಎನ್ನತೊಡಗಿದರು. ಒಬ್ಬೊಬ್ಬರದು ಒಂದೊಂದು ಯಂತ್ರ, ಪ್ರಶ್ನೆಗಳು ಮಾತ್ರ ಅವೇ. ಹತ್ತು ಸಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಒಮ್ಮೆ ಬರೆದಿಡುತ್ತಿದ್ದೇನೆ. ಲಿನಕ್ಸ್ ಬಗ್ಗೆ ಹೆಚ್ಚು ಹೇಳಿದ್ದರೆ ಅದು ನನ್ನ ಪಕ್ಷಪಾತ. ಆದರೆ ನಿಜವಾದ ತೊಡಕು ಇರುವುದೂ ಅಲ್ಲಿಯೇ.

ಆದೇಶಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಿಕೊಳ್ಳಿ.

## ಇದೆಲ್ಲ ಯಾಕೆ ಬೇಕು? ಬೇಡವಾದಾಗ ಒಂದು ಕ್ಲಿಕ್‌ನಲ್ಲಿ ಆರಿಸಿದರಾಯಿತಲ್ಲ?

ನೀವು ಆ ಕ್ಲಿಕ್ ಮಾಡುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ನನ್ನನ್ನು ಈ ದಾರಿಗೆ ಹಚ್ಚಿದ್ದು ಮೊಬೈಲ್ ಡೇಟಾ. ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕ್ ಹಾಕಿಸಿಕೊಂಡು, ಫೋನಿನ ಹಾಟ್‌ಸ್ಪಾಟ್ ಹಚ್ಚಿ ಮರೆತಿದ್ದೆ. ಲ್ಯಾಪ್‌ಟಾಪ್ ತೆರೆದು ಕಾಫಿ ತರಲು ಹೋದೆ. ಬರುವಷ್ಟರಲ್ಲಿ ಯಂತ್ರ ಪರಿಚಿತ ಹೆಸರನ್ನು ಗುರುತಿಸಿ, ಜೋಡಿಸಿಕೊಂಡು, ನವೀಕರಣಗಳನ್ನು ಇಳಿಸಿಕೊಳ್ಳತೊಡಗಿತ್ತು. ದಿನದ ಪಾಲು ಬೆಳಗಿನ ಒಂಬತ್ತಕ್ಕೇ ಮುಗಿಯಿತು.

ಬೇರೆಯವರ ಕಾರಣಗಳು ಬೇರೆ. ಪ್ರೊಜೆಕ್ಟರಿಗೆ ಜೋಡಿಸಿದ ಕೂಡಲೇ ಖಾಸಗಿ ಸಂದೇಶಗಳು ಗೋಡೆಯ ಮೇಲೆ ಮೂಡಬಾರದು ಎನ್ನುವ ಉಪನ್ಯಾಸಕರಿದ್ದಾರೆ. ಬರೆಯಲು ಕೂತಾಗ ಅಂತರಜಾಲವೇ ಶತ್ರು ಎನ್ನುವವರಿದ್ದಾರೆ. ಗೋಪ್ಯತೆಯ ಕಾರಣವೂ ಉಂಟು. ಏಳುತ್ತಲೇ ವೈ-ಫೈ ಕಾರ್ಡು ಸುತ್ತಮುತ್ತ ಯಾರಿದ್ದೀರಿ ಎಂದು ಕೂಗುತ್ತದೆ. ಹೆಸರು ಬಚ್ಚಿಟ್ಟ ಜಾಲವೊಂದನ್ನು ನೀವು ಉಳಿಸಿಕೊಂಡಿದ್ದರೆ ಆ ಹೆಸರನ್ನೇ ಹಿಡಿದು ಕೂಗುತ್ತದೆ. ಅಂದರೆ ಮನೆಯಲ್ಲಿ ಗುಟ್ಟಾಗಿಟ್ಟ ಹೆಸರನ್ನು ಬಸ್‌ ನಿಲ್ದಾಣದಲ್ಲಿ ಸಾರಿದಂತೆ.

## ಏರ್‌ಪ್ಲೇನ್ ಮೋಡ್ ಹಾಕಿ ಶಟ್‌ಡೌನ್ ಮಾಡಿದರೆ, ಮತ್ತೆ ಏಳುವಾಗ ಅದೇ ಸ್ಥಿತಿ ಇರುವುದಿಲ್ಲವೇ?

ಬಹಳ ಸಲ ಇರುತ್ತದೆ. ವಿಂಡೋಸ್ 10, 11 ಮತ್ತು ಮ್ಯಾಕ್ ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತವೆ. ಸಿಸ್ಟಮ್‌ಡಿ (ಹಿನ್ನೆಲೆಯ ಸೇವೆಗಳನ್ನು ಶುರುಮಾಡಿ ನಡೆಸುವ ತಂತ್ರಾಂಶ) ಇರುವ ಲಿನಕ್ಸ್ ಕೂಡ ಹಾಗೆಯೇ. ನಿಮಗೆ ಬೇಕಾದ್ದು ಇಷ್ಟೇ ಆಗಿದ್ದರೆ ಮುಂದೆ ಓದಬೇಕಾಗಿಲ್ಲ.

ತೊಂದರೆ ಇರುವುದು ಬೇರೆಡೆ. ‘ನಿನ್ನೆ ಹೇಗಿತ್ತೋ ಹಾಗೆ ಏಳು’ ಎನ್ನುವುದು ಒಂದು ಬೇಡಿಕೆ. ‘ನಿನ್ನೆ ಏನೇ ಆಗಿರಲಿ, ಆರಿಯೇ ಏಳು’ ಎನ್ನುವುದು ಇನ್ನೊಂದು. ರಾತ್ರಿ ವೈ-ಫೈ ಹಚ್ಚಿ ಕೆಲಸ ಮಾಡಿ, ಆರಿಸಲು ಮರೆತು ಮಲಗಿದಿರಿ ಎನ್ನಿ. ಮೊದಲ ಬಗೆಯ ಯಂತ್ರ ಬೆಳಿಗ್ಗೆ ಹಚ್ಚಿಕೊಂಡೇ ಏಳುತ್ತದೆ. ಈ ಪುಟ ಮುಖ್ಯವಾಗಿ ಎರಡನೆಯ ಬೇಡಿಕೆಯವರಿಗೆ.

## ನಾನು ಆರಿಸಿದ್ದನ್ನು ಮತ್ತೆ ಹಚ್ಚುವವರು ಯಾರು?

ಆರಿಸುವುದು ಮಗುವಿನ ಕೆಲಸ. ಮತ್ತೆ ಹಚ್ಚುವ ಕೈ ಯಾವುದು ಎಂದು ಹಿಡಿಯುವುದರಲ್ಲೇ ಎಲ್ಲ ಇದೆ. ಒಂದೇ ದೀಪಕ್ಕೆ ಐದು ಸ್ವಿಚ್ಚು, ಐದು ಜನರ ಕೈಯಲ್ಲಿ ಇದ್ದಂತೆ ಎಂದುಕೊಳ್ಳಿ.

ಎಲ್ಲಕ್ಕಿಂತ ಕೆಳಗೆ ಯಂತ್ರಾಂಶ. ಕೆಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿರುವ ಜಾರುಗುಂಡಿ ಇದರ ಮುಖ. ಅದರ ಮೇಲೆ ಬಯಾಸ್ ಅಥವಾ ಯುಇಎಫ್‌ಐ, ಅಂದರೆ ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ. ಅದರ ಮೇಲೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಒಂದೊಂದು ಸಾಧನವನ್ನು ನಡೆಸುವ ಡ್ರೈವರ್. ಅದರ ಮೇಲೆ ಹಿನ್ನೆಲೆಯಲ್ಲಿ ಓಡುವ ಸೇವೆಗಳು: ಲಿನಕ್ಸ್‌ನಲ್ಲಾದರೆ ಸಿಸ್ಟಮ್‌ಡಿ, ಜಾಲದ ಜೋಡಣೆ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್, ಬ್ಲೂಟೂತ್ ನೋಡಿಕೊಳ್ಳುವ ಬ್ಲೂಜೆಡ್. ಎಲ್ಲಕ್ಕಿಂತ ಮೇಲೆ ನೀವು ಲಾಗಿನ್ ಆದಮೇಲೆ ಬರುವ ಡೆಸ್ಕ್‌ಟಾಪ್, ಅದರ ಮೂಲೆಯ ಚಿಕ್ಕ ಚಿತ್ರ. ಇವುಗಳಲ್ಲಿ ಹಲವು ತಮ್ಮದೇ ಟಿಪ್ಪಣಿ ಪುಸ್ತಕ ಇಟ್ಟುಕೊಂಡಿವೆ, ಒಂದರ ಪುಸ್ತಕವನ್ನು ಇನ್ನೊಂದು ಓದುವುದಿಲ್ಲ. ಯಂತ್ರಾಂಶ, ಬಯಾಸ್ ಎಂಬ ಕೆಳಗಿನ ಎರಡು ಪದರಗಳಲ್ಲಿ ಆರಿಸಿದ್ದನ್ನು ಮೇಲಿನ ಪದರ ಹಚ್ಚಲಾರದು. ಮೇಲೆ ಆರಿಸಿದ್ದನ್ನು ಮಾತ್ರ ಪಕ್ಕದ ಯಾವ ಸೇವೆಯಾದರೂ ಬಂದು ಹಚ್ಚಬಹುದು. ಇಷ್ಟು ತಲೆಯಲ್ಲಿದ್ದರೆ ಮುಂದಿನದೆಲ್ಲ ವಿವರ ಅಷ್ಟೇ.

## ಲಿನಕ್ಸ್‌ನಲ್ಲಿ ಮೊದಲು ನೋಡಬೇಕಾದ್ದು ಏನು?

ಟರ್ಮಿನಲ್ ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಕೊಡಿ. ಆರ್‌ಎಫ್‌ಕಿಲ್ ಎಂಬುದು ಕರ್ನಲ್‌ನ ಒಂದು ಉಪವ್ಯವಸ್ಥೆ. ಯಂತ್ರದಲ್ಲಿರುವ ಪ್ರತಿಯೊಂದು ರೇಡಿಯೊವನ್ನೂ ಅದು ಸಾಲಾಗಿ ತೋರಿಸಿ, ಪ್ರತಿಯೊಂದರ ಮುಂದೆ ಎರಡು ಸಂಗತಿ ಹೇಳುತ್ತದೆ: ಸಾಫ್ಟ್ ಬ್ಲಾಕ್ ಇದೆಯೇ, ಹಾರ್ಡ್ ಬ್ಲಾಕ್ ಇದೆಯೇ.

ಸಾಫ್ಟ್ ಬ್ಲಾಕ್ ಎಂದರೆ ತಂತ್ರಾಂಶ ಹಾಕಿದ ಚಿಲಕ. ತಂತ್ರಾಂಶವೇ ತೆಗೆಯಬಲ್ಲದು. ಹಾರ್ಡ್ ಬ್ಲಾಕ್ ಎಂದರೆ ಯಂತ್ರಾಂಶ ಹಾಕಿದ ಬೀಗ. ಜಾರುಗುಂಡಿಯೋ ಬಯಾಸೋ ಸಡಿಲಿಸುವವರೆಗೆ ಸರ್ವಾಧಿಕಾರವಿರುವ ಸೂಪರ್‌ಯೂಸರ್ ಆದರೂ ಕೈಕಟ್ಟಿ ಕೂರಬೇಕು.

ಪಟ್ಟಿಯಲ್ಲಿ ಬ್ಲೂಟೂತ್ ಎರಡೆರಡು ಸಲ ಕಂಡರೆ ಗಾಬರಿ ಬೇಡ. ಒಂದು ನಮೂದು ಕಾರ್ಡಿನ ಡ್ರೈವರಿನದು, ಇನ್ನೊಂದು ಲ್ಯಾಪ್‌ಟಾಪ್ ಕಂಪನಿಯ ಪ್ಲಾಟ್‌ಫಾರ್ಮ್ ಡ್ರೈವರಿನದು. ಈ ಎರಡನೆಯದರ ಕಿತಾಪತಿ ಮುಂದೆ ಬರುತ್ತದೆ.

## ‘ಆರ್‌ಎಫ್‌ಕಿಲ್ ಬ್ಲಾಕ್ ಆಲ್’ ಎಂದೆ, ಎಲ್ಲವೂ ಆರಿತು. ಇದು ಮರುಪ್ರಾರಂಭದ ನಂತರವೂ ಉಳಿಯುತ್ತದೆಯೇ?

ಕರ್ನಲ್‌ಗೆ ಇದರ ನೆನಪಿಲ್ಲ. ಆದರೆ ‘ಸಿಸ್ಟಮ್‌ಡಿ-ಆರ್‌ಎಫ್‌ಕಿಲ್’ ಎಂಬ ಸೇವೆಗೆ ಇದೆ. ಪ್ರತಿಯೊಂದು ರೇಡಿಯೊದ ಕೊನೆಯ ಸ್ಥಿತಿಯನ್ನು ಅದು ‘ವಾರ್’ ಕಡತಕೋಶದೊಳಗಿನ ಲಿಬ್, ಅದರೊಳಗಿನ ಸಿಸ್ಟಮ್‌ಡಿ, ಅದರೊಳಗಿನ ಆರ್‌ಎಫ್‌ಕಿಲ್ ಎಂಬಲ್ಲಿ ಪುಟ್ಟ ಪುಟ್ಟ ಕಡತಗಳಾಗಿ ಬರೆದಿಡುತ್ತದೆ. ಮುಂದಿನ ಬಾರಿ ಆ ಸಾಧನ ಕಾಣಿಸಿಕೊಂಡ ಕ್ಷಣವೇ ಹಳೆಯ ಸ್ಥಿತಿಯನ್ನು ಮರಳಿಸುತ್ತದೆ. ಹಾಗಾಗಿ ಆರಿಸಿ ಮಲಗಿದರೆ ಆರಿಯೇ ಏಳುತ್ತದೆ, ಹಚ್ಚಿ ಮಲಗಿದರೆ ಹಚ್ಚಿಯೇ ಏಳುತ್ತದೆ. ಆ ಸೇವೆ ಪ್ರಾಮಾಣಿಕ ಗುಮಾಸ್ತನಂತೆ. ತನ್ನ ಬುದ್ಧಿ ಖರ್ಚು ಮಾಡುವುದಿಲ್ಲ.

## ನಿನ್ನೆ ಏನೇ ಆಗಿರಲಿ, ಪ್ರತಿ ಸಲವೂ ಆರಿಯೇ ಏಳಬೇಕು. ದಾರಿ ಯಾವುದು?

ಮೂರು ದಾರಿಗಳಿವೆ. ನನ್ನ ಇಷ್ಟದ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು ಟಿಎಲ್‌ಪಿ. ಬ್ಯಾಟರಿ ಉಳಿಸುವ ಸಲಕರಣೆ ಎಂದು ಹೆಸರಾದ ಇದರ ಸಂರಚನಾ ಕಡತ ‘ಇಟಿಸಿ’ ಎಂಬ ಕಡತಕೋಶದಲ್ಲಿರುವ ‘ಟಿಎಲ್‌ಪಿ ಡಾಟ್ ಕಾನ್ಫ್’. ಅದರಲ್ಲಿ ‘ಡಿವೈಸಸ್ ಟು ಡಿಸೇಬಲ್ ಆನ್ ಸ್ಟಾರ್ಟಪ್’ ಎಂಬ ಸಾಲಿದೆ. ಎಲ್ಲವೂ ದೊಡ್ಡಕ್ಷರ, ಪದಗಳ ನಡುವೆ ಅಡಿಗೆರೆ. ಅದರ ಮುಂದಿನ ಜಾಲರಿ ಚಿಹ್ನೆ (#) ತೆಗೆದು, ಬೆಲೆಯಾಗಿ ‘ಬ್ಲೂಟೂತ್ ವೈಫೈ ಡಬ್ಲ್ಯುವಾನ್’ ಎಂದು ಬರೆದರೆ ಮುಗಿಯಿತು. ಕೊನೆಯದು ಸಿಮ್ ಹಾಕುವ ಮೋಡೆಮ್‌ಗೆ, ಇಲ್ಲದಿದ್ದರೆ ಬಿಡಿ. ಮೂರು ಎಚ್ಚರಿಕೆ. ಅದೇ ಕಡತದಲ್ಲಿ ‘ರಿಸ್ಟೋರ್ ಡಿವೈಸ್ ಸ್ಟೇಟ್ ಆನ್ ಸ್ಟಾರ್ಟಪ್’ ಎಂಬುದು 1 ಆಗಿದ್ದರೆ ನಿಮ್ಮ ಸಾಲಿಗೆ ಕಿಮ್ಮತ್ತಿಲ್ಲ, ಅದು 0 ಇರಲಿ. ಜೊತೆಗೆ ಮೇಲೆ ಹೇಳಿದ ಪ್ರಾಮಾಣಿಕ ಗುಮಾಸ್ತನನ್ನು ರಜೆಗೆ ಕಳುಹಿಸಬೇಕು: ‘ಸಿಸ್ಟಮ್‌ಡಿ-ಆರ್‌ಎಫ್‌ಕಿಲ್’ನ ಸರ್ವಿಸ್, ಸಾಕೆಟ್ ಎರಡನ್ನೂ ‘ಸಿಸ್ಟಮ್‌ಸಿಟಿಎಲ್ ಮಾಸ್ಕ್’ ಮಾಡಿ, ಅಂದರೆ ಶುರುವಾಗದಂತೆ ಮುಚ್ಚಿಡಿ. ಒಂದನ್ನೇ ಮಾಡಿ ಇನ್ನೊಂದನ್ನು ಬಿಟ್ಟು, ‘ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ’ ಎಂದು ತಲೆ ಚಚ್ಚಿಕೊಂಡವರನ್ನು ಕಂಡಿದ್ದೇನೆ. ಇಬ್ಬರು ಒಂದೇ ಸ್ವಿಚ್ಚಿಗೆ ಓಡುವಾಗ ಯಾರು ಕೊನೆಗೆ ಮುಟ್ಟುತ್ತಾರೋ ಅವರ ಮಾತು ನಡೆಯುತ್ತದೆ. ಇನ್ನೊಂದು, ವಿದ್ಯುತ್ ಬಳಕೆ ನೋಡಿಕೊಳ್ಳುವ ‘ಪವರ್-ಪ್ರೊಫೈಲ್ಸ್-ಡೀಮನ್’ ಎಂಬ ಸೇವೆಯ ಜೊತೆ ಟಿಎಲ್‌ಪಿಗೆ ಆಗಿಬರುವುದಿಲ್ಲ. ಒಂದು ಮನೆಗೆ ಒಬ್ಬರೇ ಯಜಮಾನರಿರಲಿ.

ಎರಡನೆಯದು ಕರ್ನಲ್‌ಗೇ ಹೇಳುವುದು. ಕರ್ನಲನ್ನು ಎಬ್ಬಿಸುವ ಗ್ರಬ್ ಎಂಬ ತಂತ್ರಾಂಶದ ಕರ್ನಲ್ ಸಾಲಿಗೆ ‘ಆರ್‌ಎಫ್‌ಕಿಲ್ ಡಾಟ್ ಡಿಫಾಲ್ಟ್ ಸ್ಟೇಟ್’ 0 ಎಂದು ಸೇರಿಸಿದರೆ ಎಲ್ಲ ರೇಡಿಯೊಗಳೂ ಹುಟ್ಟುವಾಗಲೇ ಬ್ಲಾಕ್ ಆಗಿ ಹುಟ್ಟುತ್ತವೆ. ಡಿಫಾಲ್ಟ್, ಸ್ಟೇಟ್ ಎಂಬ ಪದಗಳ ನಡುವೆ ಅಡಿಗೆರೆ ಇರಲಿ. ಆದರೆ ಗುಮಾಸ್ತ ಇಲ್ಲೂ ಬಂದು ಹಳೆಯ ಪುಸ್ತಕ ತೆರೆಯುತ್ತಾನೆ. ಆದ್ದರಿಂದ ‘ಸಿಸ್ಟಮ್‌ಡಿ ಡಾಟ್ ರಿಸ್ಟೋರ್ ಸ್ಟೇಟ್’ 0 ಎಂಬುದನ್ನೂ ಅದೇ ಅಡಿಗೆರೆಯ ಪದ್ಧತಿಯಲ್ಲಿ ಪಕ್ಕಕ್ಕೆ ಸೇರಿಸಿ, ಗ್ರಬ್ ನವೀಕರಿಸಿ. ಹೆಚ್ಚುವರಿ ತಂತ್ರಾಂಶ ಬೇಡವೆನ್ನುವವರಿಗೆ ಇದು ಅಚ್ಚುಕಟ್ಟು.

ಮೂರನೆಯದು ನೀವೇ ಒಂದು ಪುಟ್ಟ ಸಿಸ್ಟಮ್‌ಡಿ ಸರ್ವಿಸ್ ಬರೆದು, ಏಳುವಾಗ ‘ಆರ್‌ಎಫ್‌ಕಿಲ್ ಬ್ಲಾಕ್ ಆಲ್’ ಓಡಿಸುವುದು. ‘ನನ್ನ ಸರ್ವಿಸ್ ಓಡುವಾಗ ಕಾರ್ಡು ಇನ್ನೂ ಕಾಣಿಸಿಕೊಂಡೇ ಇರದಿದ್ದರೆ?’ ಎಂಬ ಸಂದೇಹ ಸರಿಯಾದುದೇ. ಸಮಾಧಾನದ ಸಂಗತಿಯೆಂದರೆ ‘ಆಲ್’ ಎಂದಾಗ ಕರ್ನಲ್ ಅದನ್ನು ಮುಂದೆ ಬರುವ ಸಾಧನಗಳಿಗೂ ಪೂರ್ವನಿಯೋಜಿತ ಸ್ಥಿತಿಯಾಗಿ ಇಟ್ಟುಕೊಳ್ಳುತ್ತದೆ. ಗುಮಾಸ್ತನಿಗೆ ಇಲ್ಲೂ ರಜೆ ಕೊಡಬೇಕು.

## ನೆಟ್‌ವರ್ಕ್‌ಮ್ಯಾನೇಜರ್‌ಗೆ ಬೇರೆಯಾಗಿ ಹೇಳಬೇಕೇ?

ಹೇಳಿದರೆ ಒಳ್ಳೆಯದು. ‘ಎನ್‌ಎಂಸಿಎಲ್‌ಐ ರೇಡಿಯೊ ವೈಫೈ ಆಫ್’ ಎಂದರೆ ಅದು ಆರಿಸುವುದಷ್ಟೇ ಅಲ್ಲ, ತನ್ನ ಸ್ಥಿತಿ ಕಡತದಲ್ಲಿ ಬರೆದೂ ಇಡುತ್ತದೆ. ಮರುಪ್ರಾರಂಭದ ನಂತರ ಅದನ್ನೇ ಪಾಲಿಸುತ್ತದೆ. ಹಚ್ಚಲು ಕೊನೆಯ ಪದವನ್ನು ‘ಆನ್’ ಮಾಡಿ.

ರೇಡಿಯೊ ಆರಿಸುವಷ್ಟು ದೂರ ಹೋಗುವುದೇ ಬೇಡ, ತಾನಾಗಿ ಜೋಡಿಸಿಕೊಳ್ಳದಿದ್ದರೆ ಸಾಕು ಎನ್ನುವವರು ಆಯಾ ಜಾಲದ ಸೆಟ್ಟಿಂಗ್‌ನಲ್ಲಿ ‘ತಾನಾಗಿ ಜೋಡಿಸು’ ಎಂಬ ಗುರುತನ್ನು ತೆಗೆದರೆ ಸಾಕು. ಡೇಟಾ ಉಳಿಸುವುದೊಂದೇ ಗುರಿಯಾಗಿದ್ದರೆ ನಾನೂ ಅಲ್ಲಿಗೇ ನಿಲ್ಲುತ್ತಿದ್ದೆ.

## ವೈ-ಫೈ ಮಾತು ಕೇಳುತ್ತದೆ, ಬ್ಲೂಟೂತ್ ಮಾತ್ರ ಪ್ರತಿ ಸಲ ಎದ್ದು ಕೂರುತ್ತದೆ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎರಡೂ ಒಂದೇ ಕಾರ್ಡಿನಲ್ಲಿದ್ದರೂ ಒಳಗೆ ಅವು ಬೇರೆ ಬೇರೆ ಸಂಸಾರ. ಸಾಮಾನ್ಯ ಕಾರ್ಡುಗಳಲ್ಲಿ ವೈ-ಫೈ ಮಾತನಾಡುವುದು ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಮಾತನಾಡುವುದು ಯುಎಸ್‌ಬಿ ಮೂಲಕ. ಡ್ರೈವರ್ ಬೇರೆ, ನೋಡಿಕೊಳ್ಳುವ ಸೇವೆ ಬೇರೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಲುಪುವುದಿಲ್ಲ.

ಹಚ್ಚುವ ಕೈಗಳನ್ನು ಈ ಕ್ರಮದಲ್ಲಿ ಹುಡುಕಿ. ಬ್ಲೂಜೆಡ್‌ನ ‘ಮೇನ್ ಡಾಟ್ ಕಾನ್ಫ್’ ಕಡತ ‘ಇಟಿಸಿ’ಯ ಬ್ಲೂಟೂತ್ ಕೋಶದಲ್ಲಿದೆ. ಅದರ ‘ಪಾಲಿಸಿ’ ವಿಭಾಗದಲ್ಲಿ ‘ಆಟೋಎನೇಬಲ್’ ಎಂಬ ಸಾಲಿದೆ. ಬ್ಲೂಜೆಡ್ 5.65ರಿಂದ ಈಚೆಗೆ ಇದರ ಪೂರ್ವನಿಯೋಜಿತ ಬೆಲೆ ‘ಟ್ರೂ’. ಅಂದರೆ ಕಡತದಲ್ಲಿ ಆ ಸಾಲು ನಿಷ್ಕ್ರಿಯವಾಗಿ ಕಂಡರೂ ಒಳಗೆ ಅದು ಜಾರಿಯಲ್ಲಿದೆ! ಜಾಲರಿ ಚಿಹ್ನೆ ತೆಗೆದು ‘ಫಾಲ್ಸ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಹಳೆಯ ಟಿಪ್ಪಣಿಗಳನ್ನು ನೋಡಿ ಸಾಲನ್ನು ಹಾಗೇ ಬಿಟ್ಟವರು ಇಲ್ಲಿಯೇ ಎಡವುವುದು.

ಮುಂದೆ ಡೆಸ್ಕ್‌ಟಾಪ್. ಕೆಡಿಇ ಪ್ಲಾಸ್ಮಾದಲ್ಲಿ ಲಾಗಿನ್ ಆದಾಗ ಬ್ಲೂಟೂತ್ ಹಚ್ಚಬೇಕೋ, ಆರಿಸಬೇಕೋ, ಹಿಂದಿನಂತೆ ಬಿಡಬೇಕೋ ಎಂಬ ಆಯ್ಕೆ ಇದೆ. ಬ್ಲೂಮನ್ ಎಂಬ ಬ್ಲೂಟೂತ್ ಸಲಕರಣೆ ಬಳಸುವವರು ಅದರ ಪ್ಲಗಿನ್ ಪಟ್ಟಿಯಲ್ಲಿ ತಾನಾಗಿ ಹಚ್ಚುವ ಆಯ್ಕೆಯನ್ನು ತೆಗೆಯಬೇಕು.

ಕೊನೆಗೆ ಥಿಂಕ್‌ಪ್ಯಾಡ್‌ನ ಕಿತಾಪತಿ. ಅದರ ಪ್ಲಾಟ್‌ಫಾರ್ಮ್ ಡ್ರೈವರ್ ಬ್ಲೂಟೂತ್ ಮತ್ತು ಸಿಮ್ ಮೋಡೆಮ್‌ಗಳ ಸ್ಥಿತಿಯನ್ನು ಯಂತ್ರದ ಎನ್‌ವಿರ‍್ಯಾಮ್‌ನಲ್ಲಿ, ಅಂದರೆ ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಏಳುವಾಗ ಆ ನೆನಪನ್ನು ತಾನು ಪಾಲಿಸುವುದಷ್ಟೇ ಅಲ್ಲದೆ, ಅದೇ ಬಗೆಯ ಉಳಿದ ಸಾಧನಗಳ ಮೇಲೂ ಹೇರುತ್ತದೆ. ಕರ್ನಲ್ ಸಾಲಿನಲ್ಲಿ 0 ಎಂದು ಬರೆದ ಮೇಲೂ ಬ್ಲೂಟೂತ್ ಹಚ್ಚಿಕೊಂಡಿದ್ದರೆ ಇದನ್ನು ಅನುಮಾನಿಸಿ. ಏಳುವ ಹೊತ್ತಿಗೆ ಆರಿಸುವ ಸಲಕರಣೆ, ಎಂದರೆ ಟಿಎಲ್‌ಪಿ, ನನಗೆ ಮೆಚ್ಚುಗೆಯಾದದ್ದು ಇದೇ ಕಾರಣಕ್ಕೆ.

## ಡ್ರೈವರನ್ನೇ ತಡೆದರೆ ಹೇಗೆ?

ಅದು ಗಟ್ಟಿ ಮದ್ದು. ‘ಇಟಿಸಿ’ಯ ‘ಮಾಡ್‌ಪ್ರೋಬ್ ಡಾಟ್ ಡಿ’ ಕೋಶದಲ್ಲಿ ಒಂದು ಕಡತ ಮಾಡಿ ‘ಬ್ಲ್ಯಾಕ್‌ಲಿಸ್ಟ್’ ಎಂದು ಬರೆದು ಮುಂದೆ ಡ್ರೈವರಿನ ಹೆಸರು ಕೊಡುವುದು. ಇಂಟೆಲ್ ವೈ-ಫೈಗೆ ‘ಐಡಬ್ಲ್ಯುಎಲ್‌ವೈಫೈ’, ಯುಎಸ್‌ಬಿ ಬ್ಲೂಟೂತ್‌ಗೆ ‘ಬಿಟಿಯುಎಸ್‌ಬಿ’. ಇಂಟೆಲ್ ಕಾರ್ಡುಗಳ ವಿಷಯದಲ್ಲಿ ಇದಕ್ಕೊಂದು ಹೆಚ್ಚಿನ ಬಲವಿದೆ. ಆ ಕಾರ್ಡಿಗೆ ಬೇಕಾದ ಫರ್ಮ್‌ವೇರನ್ನು ಡಿಸ್ಕ್‌ನಿಂದ ತಂದು ತುಂಬುವುದೇ ಡ್ರೈವರ್. ಅದು ಬರದಿದ್ದರೆ ಕಾರ್ಡು ಬಾಯಿ ಬಿಡುವುದೇ ಇಲ್ಲ. ಆರ್‌ಎಫ್‌ಕಿಲ್‌ನಲ್ಲಿ ಚಿಲಕ ಹಾಕುವ ಮೊದಲಿನ ಒಂದೆರಡು ಕ್ಷಣದ ಬಗ್ಗೆಯೂ ಚಿಂತಿಸುವವರಿಗೆ ಇದು ಸರಿ.

ಅನನುಕೂಲವೆಂದರೆ ಬೇಕಾದಾಗ ‘ಮಾಡ್‌ಪ್ರೋಬ್’ ಎಂದು ಕೈಯಾರೆ ಕರೆಯಬೇಕು. ಮನೆಯಲ್ಲಿ ಬೇರೆಯವರೂ ಬಳಸುವ ಯಂತ್ರದಲ್ಲಿ ಇದನ್ನು ಮಾಡಿದರೆ ದಿನಕ್ಕೆ ನಾಲ್ಕು ಸಲ ನಿಮ್ಮನ್ನೇ ಕರೆಯುತ್ತಾರೆ.

## ವಿಂಡೋಸ್‌ನಲ್ಲಿ?

ಏರ್‌ಪ್ಲೇನ್ ಮೋಡ್ ಹಾಕಿಟ್ಟರೆ ಮರುಪ್ರಾರಂಭದ ನಂತರವೂ ಉಳಿಯುತ್ತದೆ ಎಂದೆ. ಆದರೆ ಎರಡು ಕಡೆ ಜಾರುತ್ತದೆ. ವೈ-ಫೈ ಮಾತ್ರ ಆರಿಸುವಾಗ ಕೆಳಗೆ ‘ಮತ್ತೆ ಯಾವಾಗ ಹಚ್ಚಲಿ’ ಎಂದು ಕೇಳುವ ಆಯ್ಕೆ ಬರುತ್ತದೆ: ಕೈಯಾರೆ, ಒಂದು ಗಂಟೆಯಲ್ಲಿ, ನಾಲ್ಕು ಗಂಟೆಯಲ್ಲಿ, ಒಂದು ದಿನದಲ್ಲಿ. ಅದು ‘ಕೈಯಾರೆ’ ಎಂದೇ ಇರಲಿ. ಎರಡನೆಯದು, ಏರ್‌ಪ್ಲೇನ್ ಮೋಡ್‌ನಲ್ಲಿರುವಾಗ ವೈ-ಫೈಯನ್ನೋ ಬ್ಲೂಟೂತನ್ನೋ ಒಮ್ಮೆ ಹಚ್ಚಿದರೆ ವಿಂಡೋಸ್ 11 ಅದನ್ನು ನೆನಪಿಟ್ಟು, ಮುಂದಿನ ಸಲ ಆ ಮೋಡ್ ಹಾಕಿದಾಗಲೂ ಹಚ್ಚಿಯೇ ಬಿಡುತ್ತದೆ. ವಿಮಾನದ ಚಿತ್ರ ಕಾಣುತ್ತದೆ, ರೇಡಿಯೊ ಓಡುತ್ತಿರುತ್ತದೆ.

ಇದಕ್ಕಿಂತ ಗಟ್ಟಿ ಬೇಕಾದರೆ ಡಿವೈಸ್ ಮ್ಯಾನೇಜರ್ ತೆರೆದು, ವೈ-ಫೈ ಅಡಾಪ್ಟರಿನ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸೇಬಲ್’ ಮಾಡಿ. ಬ್ಲೂಟೂತ್ ಬೇರೆ ಸಾಲಿನಲ್ಲಿದೆ, ಅದಕ್ಕೂ ಅದೇ ಮಾಡಿ. ಇದು ಮರುಪ್ರಾರಂಭಕ್ಕೆ ಜಗ್ಗುವುದಿಲ್ಲ. ಡ್ರೈವರ್ ಮರುಸ್ಥಾಪಿಸಿದಾಗ, ದೊಡ್ಡ ನವೀಕರಣ ಬಂದಾಗ ಮಾತ್ರ ಒಮ್ಮೆ ನೋಡಿಕೊಳ್ಳಿ.

‘ಹಚ್ಚಿಟ್ಟು ಮಲಗಿದರೂ ಆರಿಯೇ ಏಳಬೇಕು’ ಎನ್ನುವವರು ಟಾಸ್ಕ್ ಶೆಡ್ಯೂಲರ್‌ನಲ್ಲಿ, ಅತಿ ಹೆಚ್ಚಿನ ಅಧಿಕಾರದೊಂದಿಗೆ, ಲಾಗಿನ್ ಆದಾಗ ‘ನೆಟ್‌ಎಸ್‌ಎಚ್’ ಆದೇಶದಿಂದ ವೈ-ಫೈ ಇಂಟರ್‌ಫೇಸನ್ನು ನಿಷ್ಕ್ರಿಯಗೊಳಿಸುವ ಕೆಲಸವೊಂದನ್ನು ಇಡಬಹುದು. ಲಾಗಿನ್‌ಗಿಂತ ಮೊದಲೇ ಆಗಲಿ ಎಂದು ‘ಯಂತ್ರ ಶುರುವಾದಾಗ’ ಎಂಬ ಆಯ್ಕೆ ಹಿಡಿಯುವವರು ಫಾಸ್ಟ್ ಸ್ಟಾರ್ಟಪ್ ಅನ್ನು ತೆಗೆದುಹಾಕುವುದು ಕ್ಷೇಮ. ಆ ಸೌಲಭ್ಯ ಇರುವಾಗ ‘ಶಟ್‌ಡೌನ್’ ಎಂದರೆ ಪೂರ್ತಿ ಸಾವಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ‘ರೀಸ್ಟಾರ್ಟ್’ ಮಾತ್ರ ನಿಜವಾದ ಹೊಸ ಹುಟ್ಟು. ನಿಮ್ಮ ಪ್ರಯೋಗ ರೀಸ್ಟಾರ್ಟ್‌ನಲ್ಲಿ ಫಲಿಸಿ ಶಟ್‌ಡೌನ್‌ನಲ್ಲಿ ಕೈಕೊಟ್ಟರೆ ಮೊದಲು ಇಲ್ಲಿ ನೋಡಿ.

ಡೇಟಾ ಉಳಿಸಲಷ್ಟೇ ಬಂದವರು ಫೋನಿನ ಹಾಟ್‌ಸ್ಪಾಟನ್ನು ‘ಮೀಟರ್ಡ್’, ಅಂದರೆ ಅಳೆದು ಬಳಸಬೇಕಾದ ಸಂಪರ್ಕ, ಎಂದು ಗುರುತಿಸಿ. ನವೀಕರಣಗಳ ಹಸಿವು ಬಹುಮಟ್ಟಿಗೆ ಅಡಗುತ್ತದೆ.

## ಮ್ಯಾಕ್‌ಬುಕ್‌ನಲ್ಲಿ?

ಪರದೆಯ ಮೇಲ್ತುದಿಯ ಪಟ್ಟಿಯಲ್ಲಿ ಆರಿಸಿದರೆ ಆರಿಯೇ ಇರುತ್ತದೆ. ಪ್ರತಿ ಸಲವೂ ಆರಬೇಕಾದರೆ ‘ನೆಟ್‌ವರ್ಕ್‌ಸೆಟಪ್’ ಆದೇಶದ ಏರ್‌ಪೋರ್ಟ್ ಪವರ್ ಆಯ್ಕೆಯನ್ನು ಏಳುವಾಗ ಓಡಿಸಬಹುದು. ಏರ್‌ಡ್ರಾಪ್, ಹ್ಯಾಂಡಾಫ್ ಬಳಸುವವರಿಗೆ ವೈ-ಫೈ, ಬ್ಲೂಟೂತ್ ಎರಡೂ ಬೇಕು. ಅಂಥವರಿಗೆ ಇದು ದಿನನಿತ್ಯದ ಕಿರಿಕಿರಿಯಾಗುತ್ತದೆ.

ಐಫೋನಿನ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಐಒಎಸ್ 11ರಿಂದ ಈಚೆಗೆ ಕಂಟ್ರೋಲ್ ಸೆಂಟರ್‌ನಲ್ಲಿ ವೈ-ಫೈ ಒತ್ತಿದರೆ ಅದು ಆರುವುದಿಲ್ಲ. ಜಾಲದಿಂದ ಕಳಚಿಕೊಂಡು, ಬೆಳಗಿನ ಐದು ಗಂಟೆಗೆ ಮತ್ತೆ ಹುಡುಕಾಟಕ್ಕೆ ಇಳಿಯುತ್ತದೆ. ಬ್ರಾಹ್ಮೀ ಮುಹೂರ್ತ ಮುಗಿಯುವುದಕ್ಕೇ ಕಾದಿದ್ದಂತೆ.

## ಬಯಾಸ್‌ನಲ್ಲಿ ಆರಿಸಿದರೆ ಎಲ್ಲಕ್ಕಿಂತ ಸುರಕ್ಷಿತವಲ್ಲವೇ?

ಹೌದು, ನಿಮ್ಮ ಯಂತ್ರದಲ್ಲಿ ಆ ಆಯ್ಕೆ ಇದ್ದರೆ. ಥಿಂಕ್‌ಪ್ಯಾಡ್‌ಗಳಲ್ಲಿ ಸೆಕ್ಯುರಿಟಿ ವಿಭಾಗದ ಐ-ಒ ಪೋರ್ಟ್ ಆಕ್ಸೆಸ್ ಅಡಿಯಲ್ಲಿ ವೈರ್‌ಲೆಸ್ ಲ್ಯಾನ್, ಬ್ಲೂಟೂತ್ ಬೇರೆ ಬೇರೆ ಸಿಗುತ್ತವೆ. ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ವೈರ್‌ಲೆಸ್ ವಿಭಾಗವೇ ಇದೆ. ಮನೆಬಳಕೆಯ ಅಗ್ಗದ ಮಾದರಿಗಳಲ್ಲಿ ಬಹಳ ಸಲ ಏನೂ ಇರುವುದಿಲ್ಲ. ಇಲ್ಲಿ ಆರಿಸಿದರೆ ಕಾರ್ಯಾಚರಣ ವ್ಯವಸ್ಥೆಗೆ ಕಾರ್ಡು ಇದೆಯೆಂಬುದೇ ಕಾಣುವುದಿಲ್ಲ. ಬಯಾಸ್‌ಗೆ ಪಾಸ್‌ವರ್ಡ್ ಹಾಕದಿದ್ದರೆ ಯಾರು ಬೇಕಾದರೂ ಮರಳಿ ಹಚ್ಚಬಹುದು. ಹಾಕಿ ಮರೆತರೆ ನೀವೂ ಹಚ್ಚಲಾರಿರಿ.

ದಿನಕ್ಕೊಮ್ಮೆ ಹಚ್ಚಿ ಆರಿಸುವವರಿಗೆ ಇದು ಸೂಕ್ತವಲ್ಲ. ಪ್ರತಿ ಸಲ ಮರುಪ್ರಾರಂಭಿಸಬೇಕು.

## ಜಾರುಗುಂಡಿ ಇರುವ ಯಂತ್ರ ಈಗಲೂ ಸಿಗುತ್ತದೆಯೇ?

ನನ್ನ ಎಕ್ಸ್230ರ ಪಕ್ಕದಲ್ಲಿ ಇದೆ. ಅದರ ಮುಂದಿನ ತಲೆಮಾರಾದ ಎಕ್ಸ್240ರಲ್ಲಿ ತೆಗೆದುಹಾಕಿದರು. ಇಂದು ಪ್ಯೂರಿಸಂನ ಲಿಬ್ರೆಮ್ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್‌ನ ಸಂಪರ್ಕ ಕಡಿಯುವ ಗುಂಡಿ ಉಂಟು. ಕೀಲಿಮಣೆಯ ಮೇಲಿನ ವಿಮಾನದ ಚಿತ್ರದ ಕೀಲಿಯನ್ನು ಇದರೊಂದಿಗೆ ಬೆರೆಸಬೇಡಿ. ಅದು ತಂತ್ರಾಂಶಕ್ಕೆ ಕೊಡುವ ಕರೆಗಂಟೆ ಅಷ್ಟೇ. ಒಳಗಿರುವವರು ಬಾಗಿಲು ತೆರೆಯಬಹುದು, ತೆರೆಯದೆಯೂ ಇರಬಹುದು.

ಜಾರುಗುಂಡಿಯ ಸುಖ ಹೇಳಿದ ಮೇಲೆ ದುಃಖವನ್ನೂ ಹೇಳಬೇಕು. ಚೀಲದೊಳಗೆ ಉಜ್ಜಿ ಅದು ಯಾವಾಗಲೋ ಸರಿದಿತ್ತು. ಊರಿಗೆ ಹೋದಾಗ ವೈ-ಫೈ ಬರುತ್ತಿಲ್ಲವೆಂದು ಡ್ರೈವರ್ ತೆಗೆದು ಹಾಕಿ, ಕರ್ನಲ್ ಬದಲಿಸಿ, ಎರಡು ಗಂಟೆ ಕಳೆದೆ. ಕೊನೆಗೆ ‘ಇದೇನು ಅಂಕಲ್, ಕೆಂಪು ಬಣ್ಣ?’ ಎಂದು ಗುಂಡಿ ತೋರಿಸಿದ್ದು ಏಳು ವರ್ಷದ ಹುಡುಗಿ.

## ಕಾರ್ಡನ್ನೇ ಕಿತ್ತು ಹಾಕಬಹುದೇ?

ಕಾರ್ಡು ಬಿಡಿಯಾಗಿರುವ ಲ್ಯಾಪ್‌ಟಾಪ್‌ನಲ್ಲಿ ಹಾಕಬಹುದು. ಒಂದು ಸ್ಕ್ರೂ, ಎರಡು ಸೂಕ್ಷ್ಮ ಆಂಟೆನಾ ತಂತಿಗಳು. ತಂತಿಯ ತುದಿಗಳಿಗೆ ಟೇಪು ಸುತ್ತಿ, ಮದರ್‌ಬೋರ್ಡಿಗೆ ತಾಗದಂತೆ ಬದಿಗೆ ಸರಿಸಿ. ರೇಡಿಯೊ ಇರಲೇಬಾರದು ಎಂಬ ನಿಯಮವಿರುವ ಕಡೆ ನಂಬಿಕೆಗೆ ಅರ್ಹವಾದ ಉತ್ತರ ಇದೊಂದೇ. ಮ್ಯಾಕ್‌ಬುಕ್‌ಗಳಲ್ಲಿ, ಕೆಲವು ತೆಳು ಯಂತ್ರಗಳಲ್ಲಿ ಅದನ್ನು ಬೆಸೆದೇ ಬಿಟ್ಟಿರುತ್ತಾರೆ. ಅಲ್ಲಿ ಸಾಹಸ ಬೇಡ.

ಹಳೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ 20ನೆಯ ಪಿನ್ನಿಗೆ ಟೇಪು ಅಂಟಿಸುವ ಉಪಾಯವನ್ನು ಕೆಲವರು ಕೇಳಿರುತ್ತಾರೆ. ಅದು ನಮ್ಮ ದಾರಿಗೆ ಉಲ್ಟಾ. ಆ ಪಿನ್ನು ‘ಆರು’ ಎಂಬ ಸಂಕೇತ ತರುವುದು, ಅದನ್ನು ಮುಚ್ಚಿದರೆ ಕಾರ್ಡು ಸದಾ ಹಚ್ಚಿಕೊಂಡಿರುತ್ತದೆ.

## ಬ್ಯಾಟರಿ ಎಷ್ಟು ಉಳಿಯುತ್ತದೆ?

ನಿರೀಕ್ಷಿಸಿದಷ್ಟಲ್ಲ. ಸುಮ್ಮನಿರುವ ವೈ-ಫೈ ಕಾರ್ಡು ವ್ಯಾಟ್‌ನ ಒಂದು ಭಾಗವನ್ನಷ್ಟೇ ತಿನ್ನುತ್ತದೆ. ಪರದೆಯ ಬೆಳಕು ತಗ್ಗಿಸಿದರೆ ಅದಕ್ಕಿಂತ ಹೆಚ್ಚು ಉಳಿದೀತು. ಲಾಭವಿದ್ದರೆ ಅದು ಪರೋಕ್ಷ: ಜಾಲವಿಲ್ಲದಿದ್ದರೆ ಹಿನ್ನೆಲೆಯ ಸಿಂಕ್‌ಗಳೂ ನವೀಕರಣಗಳೂ ಪ್ರೊಸೆಸರನ್ನು ಎಬ್ಬಿಸುವುದಿಲ್ಲ.

## ವಿಮಾನದಲ್ಲಿ ಇದು ಕಡ್ಡಾಯವೇ?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2014ರಲ್ಲಿ ಫ್ಲೈಟ್ ಮೋಡ್‌ನಲ್ಲಿರುವ ಸಾಧನಗಳ ಬಳಕೆಗೆ ಅವಕಾಶ ಕೊಟ್ಟಿತು. ಆರಿಯೇ ಏಳುವ ಲ್ಯಾಪ್‌ಟಾಪ್ ಇದ್ದರೆ ಆಕಾಶದಲ್ಲಿ ತೆರೆದಾಗ ನೆನಪಿಟ್ಟು ಆರಿಸುವ ಚಿಂತೆ ಇಲ್ಲ. ಉಳಿದಂತೆ ವಿಮಾನದ ಸಿಬ್ಬಂದಿ ಹೇಳಿದ್ದೇ ಕೊನೆಯ ಮಾತು.

## ನಿದ್ದೆಯಿಂದ ಎದ್ದಾಗಲೂ ಆರಿರುತ್ತದೆಯೇ?

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ಯಂತ್ರ ಮೊದಲಿನಿಂದ ಶುರುವಾಗುವ ಸಂದರ್ಭಕ್ಕೆ. ಮುಚ್ಚಳ ಮುಚ್ಚಿ ತೆರೆಯುವುದು ಶುರುವಾಗುವುದಲ್ಲ. ಹಚ್ಚಿಟ್ಟು ಮುಚ್ಚಿದರೆ ಹಚ್ಚಿಯೇ ತೆರೆಯುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ವಿಂಡೋಸ್ ಯಂತ್ರಗಳಂತೂ ಮುಚ್ಚಳ ಮುಚ್ಚಿದ ಮೇಲೂ ಜಾಲಕ್ಕೆ ಅಂಟಿಕೊಂಡಿರಬಹುದು. ಲಿನಕ್ಸ್‌ನಲ್ಲಿ ‘ಸಿಸ್ಟಮ್‌ಡಿ’ಯ ಸ್ಲೀಪ್ ಕೋಶದಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟು, ಮಲಗುವ ಮುನ್ನ ಬ್ಲಾಕ್ ಮಾಡಿಸಿ.

## ನೆಟ್‌ವರ್ಕ್ ಕೇಬಲ್ ಚುಚ್ಚಿದಾಗ ಮಾತ್ರ ವೈ-ಫೈ ಆರಿದರೆ ಸಾಕು.

ಟಿಎಲ್‌ಪಿಯ ಜೊತೆಗಾರ ‘ಟಿಎಲ್‌ಪಿ-ಆರ್‌ಡಿಡಬ್ಲ್ಯು’ ಇದಕ್ಕೇ ಇದೆ. ಕೇಬಲ್ ಬಂದಾಗ ಆರಿಸುತ್ತದೆ, ಹೋದಾಗ ಹಚ್ಚುತ್ತದೆ. ಎಚ್‌ಪಿ, ಡೆಲ್‌ನ ಕಚೇರಿ ಮಾದರಿಗಳಲ್ಲಿ ಇದೇ ಕೆಲಸದ ಆಯ್ಕೆ ಬಯಾಸ್‌ನಲ್ಲಿಯೂ ಇರುತ್ತದೆ.

## ಕಚೇರಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇದನ್ನೆಲ್ಲ ಮಾಡಬಹುದೇ?

ಕೇಳಿ ಮಾಡಿ. ಅಲ್ಲಿನ ನೀತಿಗಳು ನೀವು ಆರಿಸಿದ್ದನ್ನು ಮತ್ತೆ ಹಚ್ಚಬಹುದು. ಇಂಟೆಲ್‌ನ ವಿ-ಪ್ರೊ (vPro) ಯಂತ್ರಗಳಲ್ಲಿ ದೂರದಿಂದ ನಿರ್ವಹಿಸುವ ಎಎಂಟಿ ಸೌಲಭ್ಯವನ್ನು ಸಂರಚಿಸಿದ್ದರೆ, ಅದು ಕಾರ್ಯಾಚರಣ ವ್ಯವಸ್ಥೆಯ ಕೆಳಗೆ ಕುಳಿತು ವೈ-ಫೈ ಬಳಸಬಲ್ಲದು. ಮೇಲೆ ಹೇಳಿದ ‘ಡ್ರೈವರ್ ಇಲ್ಲದೆ ಕಾರ್ಡು ಬಾಯಿ ಬಿಡದು’ ಎಂಬ ಮಾತಿಗೆ ಇದೊಂದು ಅಪವಾದ.

## ನಿಜವಾಗಿಯೂ ಆರಿದೆ ಎಂದು ತಿಳಿಯುವುದು ಹೇಗೆ?

ಪೂರ್ತಿ ಶಟ್‌ಡೌನ್ ಮಾಡಿ, ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪ್ ತೆರೆದು ಐದು ನಿಮಿಷ ಮುಟ್ಟದೆ ಬಿಡಿ. ಹಾಟ್‌ಸ್ಪಾಟ್‌ನ ಪಟ್ಟಿಯಲ್ಲಿ ನಿಮ್ಮ ಯಂತ್ರ ಬರಬಾರದು. ಆಮೇಲೆ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ಬ್ಲೂಟೂತ್‌ಗೆ ಫೋನಿನ ಹುಡುಕಾಟವನ್ನು ನಂಬಬೇಡಿ. ಹಚ್ಚಿಕೊಂಡಿರುವ ಬ್ಲೂಟೂತ್ ಕೂಡ ಸಾಮಾನ್ಯವಾಗಿ ಅಪರಿಚಿತರಿಗೆ ಕಾಣಿಸಿಕೊಳ್ಳುವುದಿಲ್ಲ. ಮೊದಲೇ ಜೋಡಿಸಿದ ಹೆಡ್‌ಫೋನ್ ಹಚ್ಚಿ ನೋಡುವುದು ಒಳ್ಳೆಯ ಪರೀಕ್ಷೆ. ಪರೀಕ್ಷೆಯನ್ನು ಎರಡು ಸಲ ಮಾಡಿ: ಒಮ್ಮೆ ಆರಿಸಿ ಶಟ್‌ಡೌನ್ ಮಾಡಿ, ಒಮ್ಮೆ ಹಚ್ಚಿಟ್ಟು ಶಟ್‌ಡೌನ್ ಮಾಡಿ.

## ಆರಿತು, ಸಂತೋಷ. ಈಗ ಹಚ್ಚಲು ಆಗುತ್ತಿಲ್ಲ!

ಕೆಳಗಿನಿಂದ ಮೇಲಕ್ಕೆ ಬನ್ನಿ. ಜಾರುಗುಂಡಿ, ಬಯಾಸ್, ಬ್ಲ್ಯಾಕ್‌ಲಿಸ್ಟ್ ಕಡತ, ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’, ಕೊನೆಗೆ ‘ಎನ್‌ಎಂಸಿಎಲ್‌ಐ ರೇಡಿಯೊ ವೈಫೈ ಆನ್’. ಗುಂಡಿಯೇ ಇಲ್ಲದ ಯಂತ್ರ ‘ಹಾರ್ಡ್ ಬ್ಲಾಕ್’ ಎಂದು ತೋರಿಸುತ್ತಿದ್ದರೆ ಪ್ಲಾಟ್‌ಫಾರ್ಮ್ ಡ್ರೈವರಿನ ಭ್ರಮೆ ಇರಬಹುದು. ಲೆನೊವೊ ಐಡಿಯಾಪ್ಯಾಡ್‌ನ ಕೆಲವು ಮಾದರಿಗಳಲ್ಲಿ ‘ಐಡಿಯಾಪ್ಯಾಡ್-ಲ್ಯಾಪ್‌ಟಾಪ್’ ಡ್ರೈವರ್ ಹೀಗೆ ಇಲ್ಲದ ಗುಂಡಿಯನ್ನು ಕಂಡದ್ದುಂಟು. ಆ ಡ್ರೈವರನ್ನು ತಾತ್ಕಾಲಿಕವಾಗಿ ತೆಗೆದು ನೋಡಿ.

ಬ್ಲೂಟೂತ್ ಕೀಲಿಮಣೆ, ಬ್ಲೂಟೂತ್ ಮೌಸ್ ಬಳಸುವವರು ಇಷ್ಟಕ್ಕೆಲ್ಲ ಕೈಹಾಕುವ ಮುನ್ನ ಮೇಜಿನ ಖಾನೆಯಲ್ಲಿ ತಂತಿಯ ಮೌಸೊಂದು ಇದೆಯೇ ಎಂದು ನೋಡಿಕೊಳ್ಳಿ.